ದೂರಿನ ಪುಸ್ತಕ, ದುರಸ್ತಿಯ ಪುಸ್ತಕ

(ಕಳೆದ ಭಾನುವಾರ ಸಂಜೆ ಊರಿನ ವಾಚನಾಲಯದಲ್ಲಿ ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯದ ಹೆಸರು ಕೇಳಿದೊಡನೆ ಕೆಲವರು ಹುಬ್ಬೇರಿಸಿದ್ದನ್ನು ನಾವು ಕಂಡೆವು. ಕಂಪ್ಯೂಟರಿನ ಪ್ರೋಗ್ರಾಮಿನಲ್ಲಿ ಕಾಣುವ ದೋಷ, ಆ ದೋಷದ ಮೇಲೆ ಯಾರೋ ಬರೆದುಕೊಟ್ಟ ದೂರು, ಅನಂತರ ಯಾರೋ ಮಾಡಿದ ದುರಸ್ತಿ. ಇವುಗಳಿಗೂ ಮಗ್ಗದ ಮುಂದೆ ನಿಲ್ಲುವವರಿಗೂ, ತಕ್ಕಡಿಯ ಹಿಂದೆ ಕೂರುವವರಿಗೂ ಏನು ಸಂಬಂಧ ಎಂದು ಕೇಳುವುದು ಸಹಜವೇ. ಸಂಬಂಧವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ನಿಮ್ಮ ಜೇಬಿನ ಫೋನು ಆಂಡ್ರಾಯ್ಡ್ ಜಾತಿಯದಾಗಿದ್ದರೆ ಅದರ ತಳದಲ್ಲಿ ಕೂತು ದುಡಿಯುತ್ತಿರುವುದು ಲಿನಕ್ಸ್ ಎಂಬ ಪ್ರೋಗ್ರಾಮು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬವರು ಅದನ್ನು ಆರಂಭಿಸಿದರು. ಗಿರಾಕಿಯು ನಿಮ್ಮ ಗಲ್ಲಾಪೆಟ್ಟಿಗೆಯ ಮುಂದೆ ಫೋನು ಹಿಡಿದು ಹಣ ಕಳುಹಿಸಿದಾಗಲೆಲ್ಲ ಇಂಥ ಹತ್ತಾರು ಪ್ರೋಗ್ರಾಮುಗಳ ಮೇಲೆ ನೀವು ನಂಬಿಕೆ ಇಟ್ಟಿರುತ್ತೀರಿ.

ಈ ಪ್ರೋಗ್ರಾಮುಗಳ ವಿಶೇಷವೇನೆಂದರೆ ಇವುಗಳ ಒಳಬರಹವನ್ನು ಯಾರೂ ಬಚ್ಚಿಟ್ಟಿಲ್ಲ. ಬೇಕಾದವರು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಹಂಚಬಹುದು. ಇದಕ್ಕೆ ಓಪನ್ ಸೋರ್ಸ್ ಎಂದು ಹೆಸರು. ಎಲ್ಲವನ್ನೂ ಧರ್ಮಾರ್ಥವಾಗಿ ಮಾಡುತ್ತಿದ್ದಾರೆಂದು ಮಾತ್ರ ತಿಳಿಯಬೇಡಿ. ಲಿನಕ್ಸಿಗಾಗಿ ದುಡಿಯುವವರಲ್ಲಿ ದೊಡ್ಡ ದೊಡ್ಡ ಕಂಪೆನಿಗಳ ಸಂಬಳದವರೇ ಹೆಚ್ಚು. ಸಂಬಳವಿಲ್ಲದೆ ರಾತ್ರಿ ಊಟವಾದ ಮೇಲೆ ಕೂತು ಮಾಡುವವರೂ ಇದ್ದಾರೆ. ಸಾವಿರಾರು ಜನ, ಒಬ್ಬರ ಮುಖವನ್ನೊಬ್ಬರು ಕಂಡಿಲ್ಲ, ದೇಶ ಬೇರೆ, ಭಾಷೆ ಬೇರೆ, ಮೇಲೆ ಮೇಸ್ತ್ರಿಯಿಲ್ಲ. ಹೀಗಿರುವಾಗ ಯಾವ ದೋಷವನ್ನು ಯಾರು ಕಂಡರು, ಯಾರು ಸರಿಪಡಿಸಿದರು, ನಿಜವಾಗಿ ಸರಿಹೋಯಿತೆ ಎಂಬುದನ್ನು ಹಿಡಿದಿಡುವುದು ಹೇಗೆ? ಇದೇ ಇಂದಿನ ಪ್ರಶ್ನೆ.

ವರ್ತಕ ಮಿತ್ರರಿಗೆ ಇದರ ಉತ್ತರವನ್ನು ಹೇಳುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ಅಂಗಡಿಯಲ್ಲಿ ಕಿರ್ದಿ ಒಂದು, ಖಾತೆ ಇನ್ನೊಂದು. ದಿನದ ವ್ಯವಹಾರ ನಡೆದ ಹಾಗೆಲ್ಲ ಕಿರ್ದಿಗೆ ಬೀಳುತ್ತದೆ. ಅಲ್ಲಿಂದ ಆಯಾ ಹೆಸರಿನ ಖಾತೆಗೆ ಏರುತ್ತದೆ. ಏರಿಸುವಾಗ ಕಿರ್ದಿಯ ಪುಟವನ್ನು ಖಾತೆಯಲ್ಲಿಯೂ, ಖಾತೆಯ ಪುಟವನ್ನು ಕಿರ್ದಿಯಲ್ಲಿಯೂ ಕಾಣಿಸುತ್ತೀರಿ. ಎರಡು ಅಂಕಿ ಬರೆಯಲು ಎಷ್ಟು ಹೊತ್ತು ಬೇಕು? ಆದರೆ ಆ ಅಂಕಿಗಳು ಇಲ್ಲದಿದ್ದರೆ ವರ್ಷದ ಕೊನೆಗೆ ಗುಮಾಸ್ತನಿಗೆ ನಿದ್ದೆಯಿಲ್ಲ, ಸಾಹುಕಾರನಿಗೆ ನೆಮ್ಮದಿಯಿಲ್ಲ.

ಪ್ರೋಗ್ರಾಮಿಗೂ ಹೀಗೆಯೇ ಎರಡು ಪುಸ್ತಕಗಳು. ಒಂದು ದೂರಿನ ಪುಸ್ತಕ. ಬಳಸುವವರು ಯಾರಾದರೂ ಅದರಲ್ಲಿ ಬರೆಯಬಹುದು. ಪ್ರತಿ ದೂರಿಗೂ ಒಂದು ಸಂಖ್ಯೆ ಬೀಳುತ್ತದೆ. ಮೊಜಿಲ್ಲಾ ಎಂಬ ಕೂಟದವರು 1998ರಲ್ಲಿ ಇಂಥ ಪುಸ್ತಕವನ್ನು ನಡೆಸಲು ‘ಬಗ್‌ಜಿಲ್ಲಾ’ ಎಂಬುದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಇತರರು ಬೇರೆ ಬೇರೆ ಮಾಡಿಕೊಂಡರು. ಎರಡನೆಯದು ಬದಲಾವಣೆಯ ಪುಸ್ತಕ. ಯಾವ ದಿನ, ಯಾರು, ಯಾವ ಸಾಲನ್ನು ತೆಗೆದು ಯಾವ ಸಾಲನ್ನು ಇಟ್ಟರು ಎಂಬುದೆಲ್ಲ ಅದರಲ್ಲಿರುತ್ತದೆ. ಈ ಪುಸ್ತಕವನ್ನು ಇಡಲು ಟೋರ್ವಾಲ್ಡ್ಸ್ 2005ರಲ್ಲಿ ‘ಗಿಟ್’ ಎಂಬ ಸಾಧನವನ್ನು ರಚಿಸಿದರು. ಅದರಲ್ಲಿ ಪ್ರತಿ ಬದಲಾವಣೆಗೂ 40 ಅಕ್ಷರಾಂಕಿಗಳ ಒಂದು ಗುರುತು ಬೀಳುತ್ತದೆ. ಆ ಗುರುತನ್ನು ಬರಹದಿಂದಲೇ, ಹಿಂದಿನ ಬದಲಾವಣೆಯ ಗುರುತನ್ನೂ ಸೇರಿಸಿಕೊಂಡು ಲೆಕ್ಕ ಹಾಕಿರುವುದರಿಂದ, ಹಳೆಯ ಪುಟವೊಂದನ್ನು ಯಾರಾದರೂ ತಿದ್ದಿದರೆ ಅಲ್ಲಿಂದ ಮುಂದಿನ ಗುರುತುಗಳೆಲ್ಲ ಬದಲಾಗಿಬಿಡುತ್ತವೆ. ಗುಟ್ಟಾಗಿ ಪುಟ ಹರಿಯಲು ಬಾರದ ಕಿರ್ದಿ ಎನ್ನಿ. ಇಂಥ ಕಿರ್ದಿಯನ್ನು ಒಪ್ಪದ ಸಾಹುಕಾರರು ನಮ್ಮ ಪೇಟೆಯಲ್ಲಿ ಎಷ್ಟು ಜನರಿದ್ದಾರೋ, ಆ ಮಾತು ಇಲ್ಲಿ ಬೇಡ.

ಎರಡು ಪುಸ್ತಕಗಳಿದ್ದರೆ ಸಾಲದು. ಒಂದರ ಸಂಖ್ಯೆ ಇನ್ನೊಂದರಲ್ಲಿ ಕಾಣಬೇಕು. ನಮ್ಮಲ್ಲಿ ಕೆಲವರು ಹಿಂದೆ ದುಡಿದ ಒಂದು ಗಿರಣಿಯಲ್ಲಿ, ಅದರ ಹೆಸರು ಬೇಡ, ಖಾತೆಯ ಗುಮಾಸ್ತನ ಬಳಿ ದೂರಿನ ಪುಸ್ತಕವಿತ್ತು. ಫಿಟ್ಟರುಗಳ ಶೆಡ್ಡಿನಲ್ಲಿ ದುರಸ್ತಿಯ ಪುಸ್ತಕವಿತ್ತು. ಒಂದು ಮಗ್ಗದ ಮೇಲೆ ಮೂರು ಸಲ ದೂರು ಬಿದ್ದಿತ್ತು. ದುರಸ್ತಿಯ ಪುಸ್ತಕದಲ್ಲಿ ‘ಮಗ್ಗ ನೋಡಿ ಸರಿಮಾಡಿದೆ’ ಎಂದು ಒಂದು ಸಾಲು. ಯಾವ ದೂರಿಗೆ ಈ ದುರಸ್ತಿ? ಮೊದಲನೆಯದಕ್ಕೋ, ಮೂರನೆಯದಕ್ಕೋ? ಒಬ್ಬನ ಬೆರಳಿಗೆ ಏಟು ಬಿದ್ದು ವಿಚಾರಣೆ ನಡೆದಾಗ ಎರಡು ಪುಸ್ತಕಗಳನ್ನೂ ಮೇಜಿನ ಮೇಲೆ ತಂದಿಟ್ಟರು. ಎರಡೂ ಸುಳ್ಳು ಹೇಳುತ್ತಿರಲಿಲ್ಲ. ಆದರೂ ಎರಡನ್ನೂ ಓದಿ ಯಾರೂ ಏನನ್ನೂ ಹೇಳುವಂತಿರಲಿಲ್ಲ. ಏಟು ತಿಂದವನ ಅಜಾಗರೂಕತೆ ಎಂದು ಬರೆದು ಮುಗಿಸಿದರು.

ಈಗ ಓಪನ್ ಸೋರ್ಸಿನವರ ಒಂದು ನಿಜವಾದ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಅದರಲ್ಲಿ ಈ ನಂಟಿನ ಬಲವೂ ಇದೆ, ಮಿತಿಯೂ ಇದೆ.

ಡೆಬಿಯನ್ ಎಂಬುದು 1993ರಲ್ಲಿ ಆರಂಭವಾದ ಸ್ವಯಂಸೇವಕರ ಕೂಟ. ಲಿನಕ್ಸನ್ನೂ ಅದರ ಜೊತೆಗೆ ಬೇಕಾದ ಸಾವಿರಾರು ಪ್ರೋಗ್ರಾಮುಗಳನ್ನೂ ಒಟ್ಟುಗೂಡಿಸಿ, ಪರೀಕ್ಷಿಸಿ, ಹಂಚುವುದು ಅವರ ಕೆಲಸ. 1997ರಲ್ಲಿ ಅವರು ತಮ್ಮೊಳಗೆ ಒಂದು ಕರಾರು ಮಾಡಿಕೊಂಡರು. ದೋಷಗಳನ್ನು ಬಚ್ಚಿಡುವುದಿಲ್ಲ, ದೂರಿನ ಪುಸ್ತಕವಿಡೀ ಯಾವಾಗಲೂ ಎಲ್ಲರ ಕಣ್ಣಿಗೆ ತೆರೆದಿರುವುದು ಎಂಬುದು ಅದರ ಒಂದು ಕಲಮು. ಅವರಲ್ಲಿ ಇನ್ನೊಂದು ಪದ್ಧತಿಯೂ ಉಂಟು. ದುರಸ್ತಿ ಮಾಡಿದವರು ಬದಲಾವಣೆಯ ಟಿಪ್ಪಣಿಯಲ್ಲಿ ‘ಇಂತಿಷ್ಟನೆಯ ದೂರನ್ನು ಮುಗಿಸುತ್ತದೆ’ ಎಂದು ಸಂಖ್ಯೆ ಸಮೇತ ಬರೆದರೆ, ಹೊಸ ಪ್ರತಿ ಭಂಡಾರಕ್ಕೆ ಸೇರಿದ ಕೂಡಲೇ ಆ ದೂರು ತಾನಾಗಿಯೇ ಮುಗಿದ ಲೆಕ್ಕಕ್ಕೆ ಹೋಗುತ್ತದೆ.

2006ರ ಏಪ್ರಿಲಿನಲ್ಲಿ ಈ ಪುಸ್ತಕದಲ್ಲಿ 363516ನೆಯ ದೂರು ದಾಖಲಾಯಿತು. ದೂರು ಓಪನ್‌ಎಸ್‌ಎಸ್‌ಎಲ್ ಎಂಬ ಪ್ರೋಗ್ರಾಮಿನ ಮೇಲೆ. ದೂರದ ಎರಡು ಕಂಪ್ಯೂಟರುಗಳು ಗುಟ್ಟಾಗಿ ಮಾತಾಡಿಕೊಳ್ಳಲು ಬೇಕಾದ ಬೀಗವನ್ನೂ ಬೀಗದಕೈಯನ್ನೂ ಮಾಡಿಕೊಡುವ ಪ್ರೋಗ್ರಾಮು ಅದು. ಬೀಗದಕೈ ಎಂದರೆ ಇಲ್ಲಿ ಯಾರೂ ಊಹಿಸಲಾರದಷ್ಟು ದೊಡ್ಡ ಒಂದು ಸಂಖ್ಯೆ. ಅಂಥ ಸಂಖ್ಯೆಯನ್ನು ಹುಟ್ಟಿಸಲು ಪ್ರೋಗ್ರಾಮು ಒಂದು ಕೊಳಗದೊಳಗೆ ಎಲ್ಲೆಲ್ಲಿಂದಲೋ ತಂದ ಗೊತ್ತುಗುರಿಯಿಲ್ಲದ ಅಂಕಿಗಳನ್ನು ಸುರಿದು ಕಲೆಸುತ್ತದೆ. ವ್ಯಾಲ್‌ಗ್ರಿಂಡ್ ಎಂಬ ಪರೀಕ್ಷಕ ಸಾಧನವು ಇದನ್ನು ನೋಡಿ, ‘ಏನೂ ಬರೆಯದ ಹಾಳೆಯನ್ನು ಓದುತ್ತಿದ್ದೀರಿ’ ಎಂದು ಪದೇ ಪದೇ ಎಚ್ಚರಿಕೆ ಕೊಡುತ್ತಿತ್ತು. ಆ ಎಚ್ಚರಿಕೆಗಳ ಗದ್ದಲದಲ್ಲಿ ಬೇರೆ ನಿಜವಾದ ದೋಷಗಳು ಕಾಣುತ್ತಿಲ್ಲ, ಆದುದರಿಂದ ಇದನ್ನು ಸರಿಪಡಿಸಿ ಎಂಬುದು ದೂರು. ದೂರು ಪ್ರಾಮಾಣಿಕವಾದುದೇ.

ಆ ಪ್ರೋಗ್ರಾಮಿನ ಹೊಣೆ ಹೊತ್ತಿದ್ದವರು ಬರಹವನ್ನು ನೋಡಿದರು. ಎಚ್ಚರಿಕೆಗೆ ಕಾರಣವಾದ ಸಾಲು ಎರಡು ಕಡೆಗಳಲ್ಲಿ ಒಂದೇ ರೂಪದಲ್ಲಿ ಇದ್ದಿತು. ಅದನ್ನು ತೆಗೆಯಬಹುದೆ ಎಂದು ಮೂಲ ಪ್ರೋಗ್ರಾಮಿನವರ ಚರ್ಚೆಯಲ್ಲಿ ಕೇಳಿದರು. ದೋಷ ಹುಡುಕಲು ಅನುಕೂಲವಾಗುವುದಾದರೆ ತೆಗೆಯಬಹುದು ಎಂಬರ್ಥದ ಮಾತು ಅಲ್ಲಿಂದ ಬಂದಿತು. ಮೇ ತಿಂಗಳಲ್ಲಿ ಎರಡೂ ಸಾಲುಗಳನ್ನು ತೆಗೆದರು. ಒಂದು ಸಾಲು ಹೋದದ್ದರಿಂದ ಏನೂ ಕೆಡಲಿಲ್ಲ. ಇನ್ನೊಂದು ಸಾಲೇ ಕೊಳಗದೊಳಗೆ ಅಂಕಿ ಸುರಿಯುವ ಸಾಲು!

ಎಚ್ಚರಿಕೆಗಳು ನಿಂತವು. ದೂರು ಮುಗಿಯಿತು. ಪ್ರೋಗ್ರಾಮು ಎಂದಿನಂತೆ ಓಡಿತು. ಬೀಗ ಹಾಕಿತು, ಬೀಗ ತೆಗೆಯಿತು. ಆದರೆ ಬೀಗದಕೈ ಮಾಡಲು ಈಗ ಉಳಿದ ಬದಲಾಗುವ ಅಂಕಿ ಒಂದೇ: ಆ ಹೊತ್ತಿಗೆ ಕಂಪ್ಯೂಟರು ಆ ಕೆಲಸಕ್ಕೆ ಕೊಟ್ಟ ಕ್ರಮಸಂಖ್ಯೆ. ಅದು ಹೆಚ್ಚೆಂದರೆ 32,768ರೊಳಗೆ ಇರುವಂಥದು. ಎಂದರೆ ಒಂದು ಬಗೆಯ, ಒಂದು ಅಳತೆಯ ಬೀಗದಕೈಗಳು ಲೋಕದಲ್ಲಿ ಅಷ್ಟೇ. ಕಳ್ಳನು ಅಷ್ಟನ್ನೂ ಮೊದಲೇ ಎರಕ ಹೊಯ್ದು ಗೊಂಚಲು ಕಟ್ಟಿಕೊಂಡು, ಒಂದೊಂದಾಗಿ ಹಾಕಿ ನೋಡಬಹುದು. ಕಂಪ್ಯೂಟರಿಗೆ ಅದು ಎಷ್ಟು ಹೊತ್ತಿನ ಕೆಲಸ?

ಈ ಪ್ರತಿ 2006ರ ಸೆಪ್ಟೆಂಬರಿನಲ್ಲಿ ಭಂಡಾರಕ್ಕೆ ಸೇರಿತು. 2007ರ ಏಪ್ರಿಲಿನಲ್ಲಿ ಡೆಬಿಯನ್ನಿನ ಸ್ಥಿರ ಆವೃತ್ತಿಯೊಡನೆ ಹೊರಬಿದ್ದಿತು. ಡೆಬಿಯನ್ನಿನಿಂದಲೇ ಕವಲೊಡೆದ ಉಬುಂಟುವಿಗೂ ಹಬ್ಬಿತು. ಲೂಸಿಯಾನೊ ಬೆಲ್ಲೊ ಎಂಬವರು ಇದನ್ನು ಪತ್ತೆ ಹಚ್ಚಿದರು. 2008ರ ಮೇ 13ರಂದು ಡೆಬಿಯನ್ ಇದನ್ನು ಬಹಿರಂಗವಾಗಿ ಸಾರಿತು. ಸುಮಾರು ಇಪ್ಪತ್ತು ತಿಂಗಳು ಬಾಗಿಲಿಗೆ ಬೀಗವಿದ್ದೂ ಇಲ್ಲದಂತಿತ್ತು. ಪ್ರೋಗ್ರಾಮನ್ನು ಸರಿಪಡಿಸಿದರೆ ಮಾತ್ರ ಸಾಕಾಗಲಿಲ್ಲ; ಆ ಅವಧಿಯಲ್ಲಿ ಮಾಡಿದ ಬೀಗದಕೈಗಳನ್ನೆಲ್ಲ ಎಸೆದು ಹೊಸದಾಗಿ ಮಾಡಿಕೊಳ್ಳಿರೆಂದು ಎಲ್ಲರಿಗೂ ಹೇಳಬೇಕಾಯಿತು.

ಹಾಗಾದರೆ ದೂರಿನ ಸಂಖ್ಯೆಯನ್ನು ದುರಸ್ತಿಯಲ್ಲಿ ಬರೆದದ್ದರಿಂದ ಬಂದ ಪ್ರಯೋಜನವೇನು ಎಂದು ನೀವು ಕೇಳಬಹುದು. ಕೇಳಲೇಬೇಕು. ಸಂಖ್ಯೆ ಬರೆದದ್ದು ತಪ್ಪನ್ನು ತಡೆಯಲಿಲ್ಲ, ನಿಜ. ಆದರೆ ಅಂದು ಬದಲಾವಣೆಯ ಟಿಪ್ಪಣಿಯಲ್ಲಿ ‘ಪರೀಕ್ಷಕ ಸಾಧನದ ಎಚ್ಚರಿಕೆ ನಿಲ್ಲಿಸಲು ಹೀಗೆ ಮಾಡಿದೆ, 363516ನೆಯ ದೂರು’ ಎಂಬರ್ಥದ ಮಾತು ಇದ್ದಿತು. ಆದುದರಿಂದ 2008ರ ಆ ದಿನ ಲೋಕದ ಯಾವ ಮೂಲೆಯವರೂ ಆ ದೂರನ್ನು ತೆರೆದು, ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಓದಿಕೊಂಡರು. ಯಾವ ಪ್ರತಿಯಿಂದ ಕೆಟ್ಟಿತು ಎಂಬುದು ಖಚಿತವಾಗಿ ತಿಳಿಯಿತು. ಯಾವ ಬೀಗದಕೈ ಕೆಟ್ಟದ್ದು, ಯಾವುದು ಒಳ್ಳೆಯದು ಎಂಬುದನ್ನು ಬೇರ್ಪಡಿಸಲು ಆಯಿತು. ಯಾರೂ ಕಳ್ಳತನದಿಂದ ಸಾಲು ಕದ್ದದ್ದಲ್ಲ, ಒಳ್ಳೆಯ ಮನಸ್ಸಿನಿಂದಲೇ ಎಡವಿದ್ದು ಎಂಬುದೂ ಕಂಡಿತು. ಇನ್ನೂ ಒಂದು ಕಂಡಿತು. ಬದಲಾವಣೆ ಡೆಬಿಯನ್ನಿನ ಪ್ರತಿಯಲ್ಲಷ್ಟೇ ಉಳಿದಿತ್ತು. ಮೂಲ ಪ್ರೋಗ್ರಾಮಿನೊಳಗೆ ಸೇರಿರಲಿಲ್ಲ. ಸೇರಿಸಲು ಕಳುಹಿಸಿದ್ದರೆ ಆ ಸಾಲುಗಳನ್ನು ಬರೆದವರ ಕಣ್ಣು ಬೀಳುವ ಸಂಭವವಾದರೂ ಇತ್ತು. ದೂರಿನಿಂದ ದುರಸ್ತಿಗೆ ದಾರವಿದ್ದಿತು. ದುರಸ್ತಿಯಿಂದ ಮೂಲಕ್ಕೆ ದಾರ ತುಂಡಾಗಿತ್ತು. ನಾವು ಹೇಳಿದ ಗಿರಣಿಯ ವಿಚಾರಣೆಗೂ ಇದಕ್ಕೂ ಇರುವ ಅಂತರವನ್ನು ನೀವೇ ತೂಗಿ ನೋಡಿ. ಅಲ್ಲಿ ತಪ್ಪು ದಾಖಲೆಯಿಲ್ಲದೆ ಒಬ್ಬನ ತಲೆಗೆ ಬಿತ್ತು. ಇಲ್ಲಿ ತಪ್ಪು ತನ್ನ ನಿಜವಾದ ಜಾಗದಲ್ಲಿ ಕಾಣಿಸಿತು.

ಲಿನಕ್ಸಿನವರು ಈ ದಾರವನ್ನು ಇನ್ನೊಂದು ಬಗೆಯಿಂದಲೂ ಎಳೆಯುತ್ತಾರೆ. ದುರಸ್ತಿಯ ಟಿಪ್ಪಣಿಯ ಕೊನೆಗೆ ಕೆಲವು ಸಾಲುಗಳು. ದೂರು ಕೊಟ್ಟವರು ಇಂಥವರು, ದೂರು ಇಂಥಲ್ಲಿದೆ, ಪರೀಕ್ಷಿಸಿ ನೋಡಿದವರು ಇಂಥವರು, ಓದಿ ಒಪ್ಪಿದವರು ಇಂಥವರು, ಹೊಣೆ ಹೊತ್ತು ಸಹಿ ಹಾಕಿದವರು ಇಂಥವರು. ಈ ಸಹಿಯ ಪದ್ಧತಿ 2004ರಲ್ಲಿ ಬಂದಿತು. ಇವುಗಳೊಡನೆ ‘ಫಿಕ್ಸಸ್’ ಎಂಬ ಒಂದು ಸಾಲು: ಈ ದೋಷವನ್ನು ಒಳಗೆ ತಂದ ಹಳೆಯ ಬದಲಾವಣೆ ಯಾವುದು ಎಂದು, ಅದರ ಗುರುತಿನ ಮೊದಲ 12 ಅಕ್ಷರಾಂಕಿಗಳನ್ನಾದರೂ ಅದರ ತಲೆಬರಹವನ್ನೂ ಬರೆಯತಕ್ಕದ್ದು. ಇದೇಕೆ? ಲಿನಕ್ಸಿನ ಹೊಸ ಪ್ರತಿಯನ್ನೇ ಎಲ್ಲರೂ ಬಳಸುವುದಿಲ್ಲ. ಹಳೆಯ ಪ್ರತಿಗಳು ಎಷ್ಟೋ ವರ್ಷ ಚಾಲ್ತಿಯಲ್ಲಿರುತ್ತವೆ. ನಿಮ್ಮ ಫೋನಿನಲ್ಲಿರುವುದೂ ಬಹುಶಃ ಹಳೆಯದೇ. ಹಳೆಯ ಪ್ರತಿಗಳನ್ನು ನೋಡಿಕೊಳ್ಳುವವರು ಈ ಸಾಲನ್ನು ನೋಡಿ, ಕೆಟ್ಟ ಬದಲಾವಣೆ ತಮ್ಮ ಪ್ರತಿಯಲ್ಲೂ ಇದ್ದರೆ ದುರಸ್ತಿಯನ್ನು ಅಲ್ಲಿಗೂ ಒಯ್ಯುತ್ತಾರೆ. ಸಾಲು ಬರೆಯದಿದ್ದರೆ? ದುರಸ್ತಿ ಹೊಸ ಪ್ರತಿಯಲ್ಲಿ ಆಗಿರುತ್ತದೆ. ಅಗ್ಗದ ಹಳೆಯ ಫೋನು ಹಿಡಿದವನಿಗೆ ಅದು ತಲುಪದೆಯೇ ಹೋಗಬಹುದು.

ದೂರು ಕೊಟ್ಟವರ ಹೆಸರನ್ನು ಬರೆಯುವುದು ಉಪಚಾರದ ಮಾತಲ್ಲ ಎಂದು ನಮ್ಮ ಅಭಿಪ್ರಾಯ. ದೋಷವನ್ನು ಮೊದಲು ಕಂಡು, ಮತ್ತೆ ಮತ್ತೆ ಮಾಡಿ ನೋಡಿ, ಹೀಗೆ ಮಾಡಿದರೆ ಹೀಗಾಗುತ್ತದೆ ಎಂದು ತೋರಿಸಿಕೊಟ್ಟವರು ಅರ್ಧ ದುರಸ್ತಿ ಮಾಡಿದ ಹಾಗೆಯೇ. ದೂರು ಗುಟ್ಟಾಗಿ ಬಂದಿದ್ದರೆ ಮಾತ್ರ ಅವರ ಒಪ್ಪಿಗೆ ಕೇಳಿ ಹೆಸರು ಹಾಕಬೇಕೆಂಬ ನಿಯಮವೂ ಲಿನಕ್ಸಿನಲ್ಲಿದೆ. ಕಳ್ಳರಿಗೆ ದಾರಿ ತೋರುವಂಥ ದೋಷವಾದರೆ ದುರಸ್ತಿ ಸಿದ್ಧವಾಗುವವರೆಗೆ ದೂರನ್ನು ಮುಚ್ಚಿಡುವುದೂ ಉಂಟು. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆಮೇಲೂ ತೆರೆಯದೆ ಇಟ್ಟರೆ ಆಕ್ಷೇಪಿಸಬೇಕು.

ಇಷ್ಟು ಕೇಳಿ ಅಲ್ಲಿ ಎಲ್ಲವೂ ಸುಸೂತ್ರವಾಗಿದೆ ಎಂದುಕೊಳ್ಳಬೇಡಿ. ಸಂಖ್ಯೆ ಬರೆಯುವುದು ಬೇಸರದ ಕೆಲಸ. ದುರಸ್ತಿ ಮಾಡುವವನಿಗೆ ಆ ಹೊತ್ತಿಗೆ ಎಲ್ಲವೂ ನೆನಪಿರುತ್ತದೆ, ಬರೆಯುವ ಅಗತ್ಯ ಕಾಣುವುದಿಲ್ಲ. 2005ರಲ್ಲಿ ಜರ್ಮನಿಯಲ್ಲಿ ಸ್ಲಿವೆರ್ಸ್ಕಿ, ಝಿಮ್ಮರ್‌ಮನ್, ಝೆಲ್ಲರ್ ಎಂಬ ಮೂವರು ವಿದ್ವಾಂಸರು ಮೊಜಿಲ್ಲಾ ಮತ್ತು ಎಕ್ಲಿಪ್ಸ್ ಎಂಬ ಎರಡು ಪ್ರೋಗ್ರಾಮುಗಳ ಎರಡೂ ಪುಸ್ತಕಗಳನ್ನು ತಾಳೆ ಹಾಕಿ, ಯಾವ ಬದಲಾವಣೆಯಿಂದ ಮುಂದೆ ದೋಷ ಹುಟ್ಟಿತು ಎಂದು ಹಿಂದಕ್ಕೆ ಹುಡುಕುವ ಕ್ರಮವನ್ನು ತೋರಿಸಿದರು. ಶುಕ್ರವಾರ ಮಾಡಿದ ಬದಲಾವಣೆಗಳಲ್ಲಿ ದೋಷ ಹೆಚ್ಚು ಎಂದು ಕಂಡಿತಂತೆ! ವಾರದ ಕೊನೆಯ ಪಾಳಿಯಲ್ಲಿ ನೂಲು ಹೆಚ್ಚು ಕಡಿಯುತ್ತದೆಯೆ ಎಂದು ಸ್ಪಿನ್ನಿಂಗ್ ಖಾತೆಯವರನ್ನು ಕೇಳಿದರೆ ಅವರು ನಗುತ್ತಾರೆ; ಅವರಿಗೆ ಇದನ್ನು ತಿಳಿಯಲು ವಿದ್ವಾಂಸರು ಬೇಕಿಲ್ಲ.

ಆದರೆ 2009ರಲ್ಲಿ ಕ್ರಿಶ್ಚಿಯನ್ ಬರ್ಡ್ ಮತ್ತು ಜೊತೆಗಾರರು ಇನ್ನೊಂದು ಮಾತನ್ನು ಎತ್ತಿದರು. ಬಹಳ ದುರಸ್ತಿಗಳಿಗೆ ದೂರಿನ ಸಂಖ್ಯೆಯೇ ಇಲ್ಲ. ಇರುವವು ಎಲ್ಲರಿಗೂ ಸಮನಾಗಿ ಹಂಚಿಹೋಗಿಲ್ಲ. ಅನುಭವಿಗಳು ಮಾಡಿದ ದುರಸ್ತಿಗಳಲ್ಲಿ ಸಂಖ್ಯೆ ಹೆಚ್ಚಾಗಿ ಕಾಣುತ್ತದೆ, ಹೊಸಬರದರಲ್ಲಿ ಕಡಿಮೆ. ಮರುವರ್ಷ ಅಪಾಚೆ ಎಂಬ ಪ್ರೋಗ್ರಾಮಿನ ಒಬ್ಬ ಹಳಬರನ್ನೇ ಕೂರಿಸಿಕೊಂಡು ನೋಡಿದಾಗ, ಎಷ್ಟೋ ದೋಷಗಳು ದೂರಿನ ಪುಸ್ತಕವನ್ನೇ ಮುಟ್ಟದೆ, ಅಂಚೆಯ ಮಾತುಕತೆಯಲ್ಲೇ ಹುಟ್ಟಿ ಅಲ್ಲೇ ಮುಗಿದಿದ್ದವು ಎಂದು ತಿಳಿಯಿತು.

ಇದರಿಂದ ಏನಾಗುತ್ತದೆ ಎಂಬುದನ್ನು ಕೆಲಸಗಾರ ಮಿತ್ರರು ಗಮನಿಸಬೇಕು. ಮೇಲಿನವರು ಪುಸ್ತಕ ತೆರೆದು, ಯಾರ ಕೆಲಸದಲ್ಲಿ ದೋಷ ಹೆಚ್ಚು ಎಂದು ಲೆಕ್ಕ ಹಾಕಲು ಕೂರುತ್ತಾರೆನ್ನಿ. ಪ್ರತಿಯೊಂದು ದೋಷವನ್ನೂ ಪ್ರಾಮಾಣಿಕವಾಗಿ ಬರೆದವನ ಪುಟವೇ ಕಪ್ಪಾಗಿ ಕಾಣುತ್ತದೆ. ಏನನ್ನೂ ಬರೆಯದೆ ಸದ್ದಿಲ್ಲದೆ ತೇಪೆ ಹಚ್ಚಿದವನ ಪುಟ ಬಿಳಿಯಾಗಿರುತ್ತದೆ. ದೂರು ಹೆಚ್ಚು ಬರೆಸಿದ ಪಾಳಿಯೇ ಕೆಟ್ಟ ಪಾಳಿ ಎಂದು ತೀರ್ಮಾನಿಸುವ ಮೇಸ್ತ್ರಿಗಳನ್ನು ನಾವೆಲ್ಲ ಕಂಡವರೇ. ಪುಸ್ತಕ ಅರ್ಧ ತುಂಬಿರುವಾಗ ಅದರಿಂದ ಲೆಕ್ಕ ತೆಗೆಯುವುದು, ಪುಸ್ತಕವೇ ಇಲ್ಲದಿರುವುದಕ್ಕಿಂತ ಕೆಲವು ಸಲ ಅಪಾಯ.

ಇನ್ನೊಂದು ಕೆಟ್ಟ ಚಾಳಿಯನ್ನು ಹೇಳದೆ ಬಿಡಲಾರೆವು. ದೂರನ್ನು ಮುಚ್ಚುವುದು ಬೇರೆ, ದೋಷವನ್ನು ತೆಗೆಯುವುದು ಬೇರೆ. ಕೆಲವು ಕಡೆ ದುರಸ್ತಿ ಮುಖ್ಯ ಬರಹಕ್ಕೆ ಸೇರಿದ ಕ್ಷಣವೇ ಯಂತ್ರವು ದೂರನ್ನು ಮುಚ್ಚಿಬಿಡುತ್ತದೆ; ದೂರು ಕೊಟ್ಟವನ ಫೋನಿಗೆ ಅದು ಬಂದೇ ಇರುವುದಿಲ್ಲ. ಅದನ್ನಾದರೂ ಕ್ಷಮಿಸಬಹುದು, ಸಂಖ್ಯೆ ಹಿಡಿದು ಕಾಯಬಹುದು. ಇನ್ನು ಕೆಲವು ಕಡೆ, ಇಷ್ಟು ದಿನ ಯಾರೂ ಮಾತಾಡಲಿಲ್ಲ ಎಂಬ ಒಂದೇ ಕಾರಣದಿಂದ ಯಂತ್ರವು ಹಳೆಯ ದೂರುಗಳನ್ನು ಮುಚ್ಚುತ್ತ ಹೋಗುತ್ತದೆ. ದುರಸ್ತಿಯ ಗುರುತಿಲ್ಲ, ಇದು ದೋಷವಲ್ಲ ಎಂಬ ತೀರ್ಮಾನವೂ ಇಲ್ಲ. ದುಡಿಯುವ ಕೈ ಕಡಿಮೆ, ದೂರು ಸಾವಿರಾರು, ಅವರ ಕಷ್ಟ ನಮಗೆ ತಿಳಿಯದೆ ಇಲ್ಲ. ಸಂಬಳವಿಲ್ಲದೆ ಮಾಡುವವರ ಮೇಲೆ ಹರಿಹಾಯುವುದು ನ್ಯಾಯವೂ ಅಲ್ಲ. ಆದರೆ ‘ನಮ್ಮಿಂದ ಆಗಲಿಲ್ಲ’ ಎಂದು ಬರೆದು ದೂರನ್ನು ತೆರೆದಿಡಬಹುದು. ಮುಚ್ಚಿದ ದೂರು ಲೆಕ್ಕದಲ್ಲಿ ದುರಸ್ತಿಯಂತೆ ತೋರುತ್ತದೆ. ಅದು ಸುಳ್ಳು ಜಮೆ.

ಕೊನೆಯದಾಗಿ ಒಂದು ಕೆಲಸದ ಮಾತು. ಫೋನಿನಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣುತ್ತದೆ, ಬೀಸಣಿಗೆಯಂತೆ ಬಿಡಿಬಿಡಿಯಾಗುತ್ತದೆ ಎಂದು ಪೇಟೆಯ ಕೆಲವರು ನಮ್ಮೊಡನೆ ಹೇಳಿದ್ದುಂಟು. ಆಂಡ್ರಾಯ್ಡಿನಲ್ಲಿಯೂ ಫೈರ್‌ಫಾಕ್ಸಿನಲ್ಲಿಯೂ ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಝ್ ಎಂಬ ಪ್ರೋಗ್ರಾಮೂ ಓಪನ್ ಸೋರ್ಸಿನದೇ. ಅದಕ್ಕೂ ತೆರೆದ ದೂರಿನ ಪುಸ್ತಕವಿದೆ. ಚಹದಂಗಡಿಯಲ್ಲಿ ಬೈದರೆ ಅದು ಆ ಪುಸ್ತಕಕ್ಕೆ ಏರುವುದಿಲ್ಲ. ಯಾವ ಫೋನು, ಯಾವ ಆವೃತ್ತಿ, ಯಾವ ಪದ, ಹೇಗೆ ಕಾಣಬೇಕಿತ್ತು, ಹೇಗೆ ಕಂಡಿತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ತೆರೆಯ ಚಿತ್ರ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಆದರೆ ಅದರಲ್ಲಿ ಗಿರಾಕಿಯ ಹೆಸರು, ಹಣದ ಲೆಕ್ಕ ಕಾಣದಿರಲಿ, ಏಕೆಂದರೆ ಆ ಪುಸ್ತಕವನ್ನು ಲೋಕವೇ ಓದುತ್ತದೆ. ಫಾಂಟಿನ ದೋಷವೋ ಜೋಡಣೆಯ ದೋಷವೋ ನೋಡಿ ತಕ್ಕ ಪುಸ್ತಕದಲ್ಲಿ ಬರೆಯೋಣ. ಇಂಗ್ಲಿಷು ಬಲ್ಲ ಇಬ್ಬರು ಹುಡುಗರು ಬರೆದುಕೊಡಲು ಒಪ್ಪಿದ್ದಾರೆ. ಬರೆದ ಮೇಲೆ ಬರುವ ಸಂಖ್ಯೆಯನ್ನು ನಿಮ್ಮ ಕಿರ್ದಿಯ ಕೊನೆಯ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಬರುವ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ನಾವು ಇಲ್ಲಿಯೇ ಇರುತ್ತೇವೆ. ರಾತ್ರಿ ಪಾಳಿಯವರು ಮನೆಗೆ ಹೋಗುವ ದಾರಿಯಲ್ಲಿ ಬರಬಹುದು.